ಕೆಂಪು ಚುಕ್ಕೆಯ ಬೋರ್ಡು

ನನ್ನ ಬಾಯಿಯ ಬಗ್ಗೆ ಮೊದಲೇ ಹೇಳಿಬಿಡ್ತೀನಿ, ಆಮೇಲೆ ಯಾರೂ ತಕರಾರು ತೆಗೀಬಾರದು. ನನಗೆ ಸುಮ್ಮನಿರೋದಕ್ಕೆ ಬರೋದಿಲ್ಲ. ರೇಡಿಯೋ ಫ್ಯಾಕ್ಟರಿಯಲ್ಲಿ ಹದಿನೆಂಟು ವರ್ಷ ಬೆಸುಗೆ ಹಾಕಿದೆ. ಕೈ ಕೆಲಸ ಮಾಡಿದಷ್ಟು ಹೊತ್ತೂ ಬಾಯಿಯೂ ಕೆಲಸ ಮಾಡ್ತು. "ಇವಳನ್ನೇ ಪೆಟ್ಟಿಗೆಯೊಳಗಿಟ್ಟು ಮುಚ್ಚಿ ಕಳಿಸಿ, ರೇಡಿಯೋ ಸ್ಟೇಷನ್ನೇ ಬೇಕಾಗಲ್ಲ" ಅಂತ ನಮ್ಮ ಲೈನಿನವರು ಹೇಳೋರು. ಗಂಡ ಇರೋವರೆಗೆ ಅವರೂ ಅದನ್ನೇ ಹೇಳಿದರು, ಈಗ ಮಗ ಹೇಳ್ತಾನೆ. ಸೊಸೆ ಮಾತ್ರ ಹೇಳೋದಿಲ್ಲ, ಒಳಗೊಳಗೇ ನಗ್ತಾಳೆ.

ಅಂಥ ನನ್ನನ್ನ ಅರ್ಧ ಗಂಟೆ ತುಟಿ ಪಿಟಕ್ಕೆನ್ನದೆ ಕೂರಿಸಿದರು. ಅದನ್ನೇ ಈಗ ಹೇಳೋಕೆ ಹೊರಟಿದ್ದು.

ನನ್ನ ಸೊಸೆ ಮೊಬೈಲ್ ರಿಪೇರಿ ಮಾಡ್ತಾಳೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಮದುವೆಯಾಗಿ ಬಂದಾಗ ಬಲ್ಬು ಬದಲಾಯಿಸೋದು ಬಿಟ್ಟರೆ ಅವಳಿಗೆ ಇನ್ನೇನೂ ಗೊತ್ತಿರಲಿಲ್ಲ. ಒಂದು ಮಧ್ಯಾಹ್ನ ನಾನು ಹಳೇ ರೇಡಿಯೋ ಬಿಚ್ಚಿಕೊಂಡು ಕೂತಿದ್ದಾಗ ಪಕ್ಕ ಬಂದು ಕೂತು, "ಅತ್ತೆ, ನಾನೊಂದು ಸಲ ಹಿಡೀಲಾ?" ಅಂದಳು. ಬೆಸುಗೆ ಹಾಕೋ ಕಾದ ಐರನ್ನು ಕೈಗೆ ಕೊಟ್ಟೆ. ಮೊದಲ ಬೆಸುಗೆಯೇ ಸಾಸಿವೆ ಕಾಳಿನ ಹಾಗೆ ಹೊಳೆದು ಕೂತಿತು. ನನ್ನ ಮಗನಿಗೆ ಪ್ಲಗ್ಗು ಸಿಕ್ಕಿಸೋದಕ್ಕೂ ಕೈ ನಡುಗುತ್ತೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ಇರಲಿ, ಅವನನ್ನ ನಾನು ಏನೂ ಅನ್ನೋದಿಲ್ಲ. ಆದರೆ ನನ್ನ ಕೈಗುಣ ಈ ಹುಡುಗಿಗೆ ಬಂತಲ್ಲ ಅಂತ ಆವತ್ತು ಖುಷಿಯಿಂದ ಎರಡು ಸಲ ಕಾಫಿ ಕುಡಿದೆ. "ಅವಳಿಗೆ ಕಲಿಸಿದ್ದು ನಾನೇ" ಅಂತ ನಾನು ಹೋಗಿ ಹೇಳದ ಮನೆ ನಮ್ಮ ಬೀದಿಯಲ್ಲಿ ಒಂದೂ ಇಲ್ಲ.

ಮನೆಗೆ ಬರೋ ಗಿರಾಕಿಗಳೆಲ್ಲ ಒಡೆದ ಗಾಜು, ಸಡಿಲವಾದ ಚಾರ್ಜರ್ ತೂತು, ಇಂಥದ್ದೇ ತರೋರು. ಫೋನಿನೊಳಗಿನ ಬೋರ್ಡು ಕೆಟ್ಟರೆ ಮಾತ್ರ ನೆಟ್ಟಗೆ ಪೇಟೆಯ ಎಲೆಕ್ಟ್ರಾನಿಕ್ಸ್ ಬಜಾರಿಗೆ ಓಡೋರು. "ಅದು ನಿಮ್ಮ ಕೈಲಿ ಆಗೋದಲ್ಲಮ್ಮ" ಅಂತ ಅವಳ ಎದುರಿಗೇ ಹೇಳೋರು. ಅವಳು ತಲೆ ಬಗ್ಗಿಸಿ ಗಾಜು ಒರೆಸೋಳು. ಎಷ್ಟೋ ಸತ್ತ ಬೋರ್ಡುಗಳಿಗೆ ಅವಳು ಜೀವ ಬರಿಸಿದ್ದು ನಾನು ಕಣ್ಣಾರೆ ಕಂಡಿದ್ದೆ. ಕೇಳೋರಾರು?

ಆ ಬಜಾರಿನಲ್ಲಿ ಒಂದು ಹಳೇ ಕಟ್ಟಡ, ಅದರ ಎರಡನೇ ಮಹಡಿಯಲ್ಲಿ ಒಂದು ಉದ್ದನೆ ಹಾಲು. ಹನ್ನೆರಡು ಮೇಜು, ಹನ್ನೆರಡು ಜನ ರಿಪೇರಿಯವರು. ಇಡೀ ಬಜಾರಿನ ಅಂಗಡಿಗಳು ತಮ್ಮ ಕೈಲಾಗದ ಬೋರ್ಡುಗಳನ್ನ ಅಲ್ಲಿಗೇ ಕಳಿಸೋದು. ಅಲ್ಲಿ ಮೇಜು ಸಿಕ್ಕಿತು ಅಂದರೆ ಆಮೇಲೆ ನಿಮ್ಮ ಕೈಯನ್ನ ಯಾರೂ ಪ್ರಶ್ನೆ ಮಾಡೋದಿಲ್ಲ. ಅಲ್ಲಿನವರೊಬ್ಬರು ಕಣ್ಣು ಮಂಜಾಯಿತು ಅಂತ ಎದ್ದುಹೋಗಿ ಒಂದು ಮೇಜು ಖಾಲಿಯಾಗಿತ್ತು. ದುಡ್ಡು ಕೊಟ್ಟರೆ ಆ ಮೇಜು ಸಿಗೋದಲ್ಲ. ಆ ಹಾಲಿನ ಹಿರಿಯರೊಬ್ಬರ ಮುಂದೆ ಕೂತು, ಅವರು ಕೊಟ್ಟ ಕೆಟ್ಟ ಬೋರ್ಡನ್ನ ಅರ್ಧ ಗಂಟೆಯಲ್ಲಿ ಸರಿ ಮಾಡಬೇಕು. ಸೋತವರಿಗೆ ಎರಡನೇ ಸಲ ಇಲ್ಲ. ಸೊಸೆ ಹೆಸರು ಕೊಟ್ಟು ಬಂದ ದಿನದಿಂದ ಸರಿಯಾಗಿ ಊಟ ಮಾಡಲಿಲ್ಲ. ನಾನು ಅವಳ ಪಾಲಿನದನ್ನೂ ಸೇರಿಸಿ ಮಾತಾಡಿದೆ.

ಪರೀಕ್ಷೆಯ ದಿನ ಬೆಳಿಗ್ಗೆ ಇಬ್ಬರೂ ಬಜಾರಿಗೆ ಇಳಿದೆವು. ಅಬ್ಬಬ್ಬಾ, ಆ ಗದ್ದಲ. ಕಾಲಿಟ್ಟ ಕಡೆ ವೈರು, ತಲೆಯೆತ್ತಿದ ಕಡೆ ವೈರು. ಒಂದು ಅಂಗಡಿ ತುಂಬಾ ಬರೀ ರಿಮೋಟು, ಇನ್ನೊಂದರಲ್ಲಿ ಬರೀ ಸ್ಕ್ರೂ, ಅದೂ ಟೀ ಲೋಟಗಳಲ್ಲಿ ಅಳತೆ ಪ್ರಕಾರ ಬೇರೆ ಮಾಡಿಟ್ಟಿದ್ದು. ಸ್ಪೀಕರ್ ಮಾರೋ ಮೂರು ಅಂಗಡಿ ಅಕ್ಕಪಕ್ಕದಲ್ಲೇ, ಮೂವರದೂ ಬೇರೆ ಬೇರೆ ಹಾಡು. ಒಬ್ಬ ದೊಡ್ಡ ಟಿವಿಯನ್ನ ತಲೆ ಮೇಲೆ ಹೊತ್ತು "ಗಾಜು, ಗಾಜು, ಸರ್ಕೊಳ್ಳಿ" ಅಂತ ಜನರ ನಡುವೆ ತೂರಿಕೊಂಡು ಹೋದ. ನನಗೆ ತವರಿಗೆ ಬಂದ ಹಾಗಾಯಿತು.

ಮೆಟ್ಟಿಲ ಪಕ್ಕದ ಅಂಗಡಿಯಲ್ಲಿ ಐರನ್ನಿಗೆ ಹೊಸ ತುದಿ ಕೇಳಿದೆವು. ಅಂಗಡಿಯವನು ಒಂದು ತೆಗೆದು ಕೊಟ್ಟು, "ಒರಿಜಿನಲ್ ಅಮ್ಮ" ಅಂದ.

"ಯಾರ ಒರಿಜಿನಲ್ಲು? ನಿಂದಾ?" ಅಂದೆ. "ಉಗುರಲ್ಲಿ ಕೆರೆದರೆ ಬಣ್ಣ ಬರ್ತಿದೆ ನೋಡು. ಹದಿನೆಂಟು ವರ್ಷ ಇದನ್ನೇ ಹಿಡಿದ ಕೈ ಇದು, ನನ್ನ ಕಿವಿಗೆ ಹೂವು ಇಡಬೇಡ."

ಅವನು ನಗ್ತಾ ಬೇರೆ ಡಬ್ಬಿ ತೆಗೆದ. ನಾನು ಅಷ್ಟಕ್ಕೇ ಬಿಡಲಿಲ್ಲ. "ಇವಳು ನನ್ನ ಸೊಸೆ. ಮೇಲೆ ಪರೀಕ್ಷೆಗೆ ಬಂದಿದ್ದಾಳೆ. ಕಲಿಸಿದ್ದು ನಾನೇ" ಅಂತ ಅವನಿಗೂ ಹೇಳಿದೆ, ಅವನ ಪಕ್ಕದವನಿಗೂ ಹೇಳಿದೆ. ಸೊಸೆ ನನ್ನ ತೋಳು ಹಿಡಿದು ಎಳೆದಳು. ಅವಳ ಕೈ ತಣ್ಣಗಿತ್ತು. ನಾನು ಆ ಕೈ ಹಿಡಿದುಕೊಂಡೇ ಮೆಟ್ಟಿಲು ಹತ್ತಿದೆ.

ಮೇಲಿನ ಹಾಲಿನಲ್ಲಿ ಫ್ಲಕ್ಸಿನ, ಅಂದರೆ ಬೆಸುಗೆ ಹಿಡಿಯಲಿ ಅಂತ ಹಚ್ಚೋ ಅಂಟಿನ, ಹೊಗೆಯ ವಾಸನೆ. ಪ್ರತಿ ಮೇಜಿಗೂ ಬಗ್ಗಿದ ಕತ್ತಿನ ಒಂದು ದೀಪ. ಹಿರಿಯರನ್ನ ಎಲ್ಲರೂ ಭೂತಗನ್ನಡಿ ಅಂತಲೇ ಕರೀತಾರೆ. ನನ್ನ ವಯಸ್ಸಿನವರು, ಹಣೆಯ ಮೇಲೆ ಸದಾ ಒಂದು ಭೂತಗನ್ನಡಿ ಏರಿಸಿಕೊಂಡಿರ್ತಾರೆ, ಎದುರು ನಿಂತರೆ ಮೂರು ಕಣ್ಣು ನಮ್ಮನ್ನ ನೋಡಿದ ಹಾಗಿರುತ್ತೆ. ಅವರ ಪಕ್ಕದ ಮೇಜಿನವನ ಹೆಸರು ಎಂಟು ನಿಮಿಷ. ಹೋದ ತಿಂಗಳು ಇನ್ನೊಂದು ಮೇಜಿನ ಪರೀಕ್ಷೆಯನ್ನ ಎಂಟೇ ನಿಮಿಷದಲ್ಲಿ ಮುಗಿಸಿದ್ದನಂತೆ, ಆವತ್ತಿಂದ ಅದೇ ಹೆಸರು.

"ಅಮ್ಮ, ಕೆಳಗೆ ನೀವು ಬೈದಿದ್ದು ಇಲ್ಲಿವರೆಗೂ ಕೇಳಿಸ್ತು" ಅಂದ ಎಂಟು ನಿಮಿಷ. "ಹೊರಗಡೆ ಕೂತ್ಕೊಳ್ಳೋದು ವಾಸಿ ಅಲ್ವಾ?"

"ನಾನು ಕಲಿಸಿದವಳು ಕೂತಿರೋವಾಗ ನಾನ್ಯಾಕಪ್ಪ ಹೊರಗೆ ಕೂರಲಿ?" ಅಂದೆ.

ಭೂತಗನ್ನಡಿಯವರು ನಗಲಿಲ್ಲ. "ಕೂರಿ. ಆದ್ರೆ ಜೊತೆಗೆ ಬಂದೋರು ಒಂದು ಮಾತಾಡಿದ್ರೂ ಪರೀಕ್ಷೆ ಅಲ್ಲಿಗೇ ಮುಗೀತು. ಮೇಜು ಸಿಗಲ್ಲ. ಆಮೇಲೆ ನನ್ನ ಮೇಲೆ ಬೇಜಾರು ಮಾಡ್ಕೋಬೇಡಿ" ಅಂದರು. ಸೊಸೆ ನನ್ನ ಕಡೆ ನೋಡಿದಳು. ನಾನು ತುಟಿಯ ಮೇಲೆ ಬೆರಳಿಟ್ಟುಕೊಂಡೆ.

ಅವರು ಡ್ರಾಯರಿನಿಂದ ಒಂದು ಬೋರ್ಡು ತೆಗೆದು ಅವಳ ಮುಂದಿಟ್ಟರು. ಅದರ ಮೂಲೆಯಲ್ಲಿ ಮಾರ್ಕರ್ ಪೆನ್ನಿನ ಒಂದು ಕೆಂಪು ಚುಕ್ಕೆ. "ನಾನೇ ಕೆಡಿಸಿಟ್ಟ ಬೋರ್ಡು ಇದು. ಕೆಂಪು ಚುಕ್ಕೆ ಇಟ್ಟಿದ್ದೀನಿ ಅಂದ್ರೆ ಕೆಟ್ಟಿದೆ ಅಂತ. ರಿಪೇರಿ ಆದ್ಮೇಲೆ ಚುಕ್ಕೆ ಒರೆಸ್ತೀವಿ. ಇದರಲ್ಲಿರೋ ಫಾಲ್ಟು ಹುಡುಕು, ಸರಿ ಮಾಡು. ಬೇಕಾದ ಪಾರ್ಟುಗಳು ಆ ಡಬ್ಬೀಲಿವೆ" ಅಂದು ಗಡಿಯಾರ ನೋಡಿದರು.

ಸೊಸೆ ಬೋರ್ಡನ್ನ ಮೈಕ್ರೋಸ್ಕೋಪಿನ ಕೆಳಗಿಟ್ಟಳು. ಅದರ ಚಿತ್ರ ಗೋಡೆಯ ಟಿವಿಯಲ್ಲಿ ಎಲ್ಲರಿಗೂ ದೊಡ್ಡದಾಗಿ ಕಾಣಿಸ್ತಿತ್ತು. ಅವಳು ಮೊದಲು ಮೀಟರಿನ ಎರಡು ಕಡ್ಡಿಗಳನ್ನ ಒಂದಕ್ಕೊಂದು ಮುಟ್ಟಿಸಿ ಮೀಟರೇ ಸರಿಯಿದೆಯಾ ಅಂತ ನೋಡಿದಳು. ಅದು ನನ್ನ ಪಾಠ. ಬೇರೆಯವರ ಮೀಟರನ್ನ ನಂಬಬೇಡ ಅಂತ ನೂರು ಸಲ ಹೇಳಿದ್ದೆ. ಪಕ್ಕದವನಿಗೆ ಮೊಣಕೈಯಲ್ಲಿ ತಿವಿದು "ನೋಡಿದ್ಯಾ?" ಅನ್ನಬೇಕು ಅನ್ನಿಸಿತು. ಎರಡು ಕೈಯನ್ನೂ ತೊಡೆಯ ಕೆಳಗೆ ಒತ್ತಿಕೊಂಡು ಕೂತೆ.

ಅಷ್ಟರಲ್ಲಿ ಟಿವಿಯಲ್ಲಿ ನನಗೆ ಅದು ಕಂಡಿತು. ಬೋರ್ಡಿನ ಅಂಚಿನಲ್ಲಿ ಒಂದು ಪುಟಾಣಿ ಕೆಪಾಸಿಟರ್, ಅದರ ಒಂದು ಮಗ್ಗುಲು ಕಪ್ಪಗಾಗಿತ್ತು. ಸುಟ್ಟಿದೆ. ನನಗೆ ಎಳ್ಳಷ್ಟೂ ಅನುಮಾನ ಉಳೀಲಿಲ್ಲ. ಅದನ್ನ ಕಿತ್ತು ಹೊಸದು ಹಾಕಿದರೆ ಐದು ನಿಮಿಷದ ಕೆಲಸ, ಮೇಜು ನಮ್ಮದು, ಮೇಲಿಂದ ಎಂಟು ನಿಮಿಷದ ದಾಖಲೆಯೂ ಮುರಿದ ಹಾಗೆ. ಸೊಸೆ ಆ ಕರೀ ಪಾರ್ಟಿನ ಎರಡು ತುದಿಗೂ ಮೀಟರ್ ಮುಟ್ಟಿಸಿದಳು. ಹಾಂ, ಸಿಕ್ಕಿತು ಅಂದುಕೊಂಡೆ. ಅವಳು ಅದನ್ನ ಬಿಟ್ಟು ಮುಂದೆ ಹೋದಳು.

ಲೇ ಹುಡುಗಿ, ಕಣ್ಣು ಎಲ್ಲಿಟ್ಟಿದೀಯಾ, ಅಂಗೈ ಹುಣ್ಣಿಗೆ ಕನ್ನಡಿ ಬೇಕಾ? ಇಷ್ಟೆಲ್ಲ ಒಳಗೇ ಹೇಳಿಕೊಂಡೆ. ಅವಳು ಇನ್ನೂ ಏಳೆಂಟು ಕಡೆ ಮೀಟರ್ ಇಟ್ಟಳು. ಆಮೇಲೆ ಕರೆಂಟು ಕೊಡೋ ಪೆಟ್ಟಿಗೆಯ ವೈರುಗಳನ್ನ ಬೋರ್ಡಿಗೆ ಸಿಕ್ಕಿಸಿ, ಗುಂಡಿ ಒತ್ತಿ, ಪೆಟ್ಟಿಗೆಯ ಮುಳ್ಳನ್ನೇ ನೋಡ್ತಾ ಕೂತಳು. ಆ ಮುಳ್ಳು ಅವಳ ಕಡೆಗಿತ್ತು, ನಮಗ್ಯಾರಿಗೂ ಕಾಣಿಸ್ತಿರಲಿಲ್ಲ. ಹಾಗೇ ಮೂರು ಸಲ ಮಾಡಿದಳು. ಐರನ್ನು ಕಾದೂ ಕಾದೂ ಸ್ಟ್ಯಾಂಡಿನಲ್ಲೇ ಇತ್ತು. ಅವಳು ಅದನ್ನ ಕೈಗೇ ತಗೊಳ್ಳಲಿಲ್ಲ. ಕೊನೆಗೆ ಪೆಟ್ಟಿಗೆಯ ಸ್ವಿಚ್ ಆಫ್ ಮಾಡಿ, ಕೈ ಎರಡನ್ನೂ ಮೇಜಿನ ಮೇಲಿಟ್ಟುಕೊಂಡು, "ಆಯ್ತು ಸರ್" ಅಂದಳು.

"ಏನಾಯ್ತು? ನೀನಿನ್ನೂ ಏನೂ ಮಾಡೇ ಇಲ್ಲ."

"ಈ ಬೋರ್ಡು ಕೆಟ್ಟಿಲ್ಲ ಸರ್."

ಹಾಲಿನಲ್ಲಿ ಹನ್ನೊಂದು ಜನರೂ ಕೆಲಸ ನಿಲ್ಲಿಸಿದರು. ಭೂತಗನ್ನಡಿಯವರು ಹಣೆಯ ಗಾಜನ್ನ ಕೆಳಗಿಳಿಸಿ ಅವಳನ್ನ ನೋಡಿದರು. "ನೋಡಮ್ಮ, ನನ್ನ ಕೈಯಾರೆ ನಾನು ಕೆಡಿಸಿದ್ದು ಅದು. ಚುಕ್ಕೆ ಇಟ್ಟಿದ್ದೂ ನಾನೇ. ಹೋದ ವಾರ ಒಬ್ಬ ಗಡ್ಡದವನು ಇದೇ ಬೋರ್ಡು ಹಿಡ್ಕೊಂಡು ಪೂರ್ತಿ ಅರ್ಧ ಗಂಟೆ ಒದ್ದಾಡಿ, ಸಿಗಲಿಲ್ಲ ಅಂತ ಎದ್ದುಹೋದ. ನೀನು ಕೆಟ್ಟೇ ಇಲ್ಲ ಅಂತಿದೀಯ. ಇನ್ನೂ ಹದಿನೈದು ನಿಮಿಷ ಇದೆ. ಇನ್ನೊಂದು ಸಲ ನೋಡು."

ಅವರು ಗದರಿಸಲಿಲ್ಲ, ಅದಕ್ಕೇ ನನಗೆ ಇನ್ನೂ ಭಯವಾಯಿತು. ಪಾಪ, ದಾರಿ ತೋರಿಸ್ತಿದ್ದಾರೆ ಅನ್ನಿಸಿತು. ಸೊಸೆ ತಲೆಯೆತ್ತಿ ನನ್ನ ಕಡೆ ನೋಡಿದಳು. ಆಗ ನಾನೊಂದು ಕೆಲಸ ಮಾಡಿದೆ, ಹೇಳೋಕೆ ನಾಚಿಕೆಯಾಗುತ್ತೆ. ಬಾಯಿ ಬಿಡಲಿಲ್ಲ ನಿಜ. ಆದರೆ ಕಣ್ಣಲ್ಲೇ ಟಿವಿ ತೋರಿಸಿದೆ. ಆ ಕರೀ ಪಾರ್ಟನ್ನೇ ನೋಡಿದೆ, ಅವಳನ್ನ ನೋಡಿದೆ, ಮತ್ತೆ ಅದನ್ನೇ ನೋಡಿದೆ. ಬದಲಾಯಿಸಿಬಿಡು, ಏನು ಗಂಟು ಹೋಗುತ್ತೆ, ಹಿರಿಯರ ಮಾತೂ ಉಳಿಯುತ್ತೆ ಮೇಜೂ ಸಿಗುತ್ತೆ ಅಂತ ನನ್ನ ಕಣ್ಣು ಹೇಳ್ತು. ಅವಳಿಗೆ ಅರ್ಥವಾಯಿತು. ಐದು ವರ್ಷ ಒಂದೇ ಮೇಜಿಗೆ ಕೂತು ಕೆಲಸ ಮಾಡಿದವರು ನಾವು, ಅರ್ಥವಾಗದೆ ಏನು.

ಅವಳು ಇಲ್ಲ ಅಂತ ಒಂಚೂರು ತಲೆಯಾಡಿಸಿದಳು. ಅದು ನನಗೆ ಆಡಿಸಿದ್ದು. ಆಮೇಲೆ ಅವರ ಕಡೆ ತಿರುಗಿದಳು.

"ನೋಡಿದೆ ಸರ್. ಮೂರು ಸಲ ನೋಡಿದೆ. ಎಲ್ಲೂ ಶಾರ್ಟಿಲ್ಲ, ಕರೆಂಟು ಸರಿಯಾಗಿ ಎಳ್ಕೊಳ್ತಿದೆ. ಆ ಕಪ್ಪಗಿರೋದು ಸುಟ್ಟಿದ್ದಲ್ಲ, ಯಾರೋ ಈಚೆಗೆ ಬೆಸುಗೆ ಹಾಕ್ದಾಗ ಉಳಿದಿರೋ ಫ್ಲಕ್ಸು. ಅದನ್ನ ಬದಲಾಯಿಸಿ ರಿಪೇರಿ ಆಯ್ತು ಅಂತ ನಾನು ಹೇಳಬಹುದು. ಆದ್ರೆ ಅದು ರಿಪೇರಿ ಅಲ್ವಲ್ಲ. ಒಂದು ಡಿಸ್‌ಪ್ಲೇ ಕೊಡ್ತೀರಾ? ಆನ್ ಮಾಡಿ ತೋರಿಸ್ತೀನಿ."

ಭೂತಗನ್ನಡಿಯವರು ಒಂದು ಡಿಸ್‌ಪ್ಲೇ ಮುಂದಕ್ಕೆ ತಳ್ಳಿದರು. ಅವಳು ಬೋರ್ಡಿಗೆ ಸಿಕ್ಕಿಸಿ, ಪೆಟ್ಟಿಗೆಯ ಸ್ವಿಚ್ ಹಾಕಿ, ಗುಂಡಿ ಒತ್ತಿ ಹಿಡಿದಳು. ಡಿಸ್‌ಪ್ಲೇ ಕಪ್ಪಗೇ ಇತ್ತು, ಇನ್ನೂ ಕಪ್ಪಗೇ ಇತ್ತು. ಆಮೇಲೆ ಬೆಳ್ಳಗೆ ಬೆಳಕು ಬಂತು, ಫೋನು ಆನ್ ಆಗೋವಾಗ ಕಾಣೋ ಕಂಪನಿಯ ಗುರುತೂ ಮೂಡಿತು.

ಎಂಟು ನಿಮಿಷ ಮೇಜಿನಿಂದ ಎದ್ದು ಬಂದು ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟ. ತಲೆಯೆತ್ತಿದಾಗ ಅವನ ಮುಖ ಕೆಂಪಾಗಿತ್ತು.

"ಇದು ನನ್ನ ಬೆಸುಗೆ. ನನ್ನ ಪರೀಕ್ಷೆಯ ಬೋರ್ಡೇ ಇದು" ಅಂದ.

ಆಮೇಲೆ ಎಲ್ಲ ಬಿಚ್ಚಿಕೊಂಡಿತು. ಅವನು ಎಂಟು ನಿಮಿಷದಲ್ಲಿ ಮುಗಿಸಿದ ಸಂಭ್ರಮಕ್ಕೆ ಎಲ್ಲರೂ ಅವನ ಬೆನ್ನು ತಟ್ಟಿ, ಅವನನ್ನ ಎಳೆದುಕೊಂಡು ಟೀ ಕುಡಿಯೋಕೆ ಹೋಗಿಬಿಟ್ಟಿದ್ದರು. ಚುಕ್ಕೆ ಒರೆಸೋದು ಯಾರಿಗೂ ನೆನಪಾಗಲಿಲ್ಲ. ಸರಿಯಾದ ಬೋರ್ಡು ಕೆಂಪು ಚುಕ್ಕೆ ಸಮೇತ ಕೆಟ್ಟವುಗಳ ಡ್ರಾಯರಿಗೆ ವಾಪಸ್ಸಾಗಿತ್ತು. ಚುಕ್ಕೆ ನೋಡಿದ ಮೇಲೆ ಮೀಟರ್ ಹಿಡಿದು ನೋಡೋ ಗೋಜಿಗೆ ಭೂತಗನ್ನಡಿಯವರು ಹೋಗಿರಲಿಲ್ಲ. ತಮ್ಮ ಕೈ ಇಟ್ಟ ಚುಕ್ಕೆ ಅಲ್ಲವಾ.

ಅವರು ಹಣೆಯ ಗಾಜನ್ನ ತೆಗೆದು ಮೇಜಿನ ಮೇಲಿಟ್ಟು, ಕಣ್ಣು ಉಜ್ಜಿಕೊಂಡರು. "ಆ ಗಡ್ಡದವನಿಗೆ ಫೋನ್ ಮಾಡು" ಅಂದರು ಎಂಟು ನಿಮಿಷನಿಗೆ. "ತಪ್ಪು ನಂದು ಅಂತ ಹೇಳು. ಮುಂದಿನ ಮೇಜಿಗೆ ಅವನು ಮತ್ತೆ ಬರಬೇಕು, ನಾನೇ ಕೇಳ್ಕೊಂಡೆ ಅಂತ ಹೇಳು." ಆಮೇಲೆ ಸೊಸೆಯ ಕಡೆ ತಿರುಗಿ, "ಮೇಜು ನಿಂದಮ್ಮ. ಇಷ್ಟು ವರ್ಷದಲ್ಲಿ ನನಗೆ ಇಲ್ಲ ಅಂದವರು ಯಾರೂ ಇಲ್ಲ. ಯಾರಮ್ಮ ನಿನಗೆ ಕಲಿಸಿದ್ದು?" ಅಂದರು.

"ಅತ್ತೆ" ಅಂದಳು ಅವಳು, ನನ್ನ ಕಡೆ ಕೈ ತೋರಿಸಿ.

ಎಲ್ಲರೂ ನನ್ನ ಕಡೆ ತಿರುಗಿದರು. ಬೆಳಿಗ್ಗೆಯಿಂದ ನಾನು ಕಾದಿದ್ದು ಇದಕ್ಕೇ. ಈಗ ಬಾಯಿಗೆ ಬೀಗವೂ ಇಲ್ಲ, ಮಾತಾಡು ಅಂತಲೇ ಎಲ್ಲ ನೋಡ್ತಿದ್ದಾರೆ. ನನಗೆ ಮಾತೇ ಬರಲಿಲ್ಲ.

ನನಗೆ ಆ ಕಾಣದ ಗಡ್ಡದವನೇ ಕಣ್ಣ ಮುಂದೆ ಬಂದ. ಅವನಿಗೂ ಗೊತ್ತಾಗಿರಲೇಬೇಕು, ಹೇಳೋ ಧೈರ್ಯ ಸಾಲದೆ ಎದ್ದುಹೋಗಿರ್ತಾನೆ. ಅವನನ್ನ ನಾನು ಹೇಗೆ ಆಡಿಕೊಳ್ಳಲಿ? ನಮ್ಮ ಫ್ಯಾಕ್ಟರಿಯಲ್ಲಿ ಒಂದು ಸಲ ಇನ್‌ಸ್ಪೆಕ್ಟರು ನನ್ನ ಪಕ್ಕದವಳ ಒಂದು ಟ್ರೇ ಪೂರ್ತಿ ಕೆಟ್ಟದ್ದು ಅಂತ ಪಕ್ಕಕ್ಕೆ ಹಾಕಿದ. ಅವನು ಹೋದ ಮೇಲೆ ನಾನು ಅಳೆದು ನೋಡಿದೆ, ಎಲ್ಲ ಸರಿಯಾಗೇ ಇತ್ತು. ಅವಳನ್ನ ಬೆಸುಗೆಯಿಂದ ತೆಗೆದು ಪೆಟ್ಟಿಗೆ ಕಟ್ಟೋ ಕಡೆ ಹಾಕಿದರು. ಇಷ್ಟು ದೊಡ್ಡ ಬಾಯಿಯ ನಾನು ಆವತ್ತು ಒಂದು ಮಾತು ಆಡಲಿಲ್ಲ. ಮನೆಯಲ್ಲೂ ಯಾರಿಗೂ ಹೇಳಿರಲಿಲ್ಲ.

"ಇಲ್ಲಪ್ಪ" ಅಂದೆ ಕೊನೆಗೆ. "ಐರನ್ನು ಹಿಡಿಯೋದು ಕಲಿಸಿದೆ. ಮೀಟರ್ ನೋಡೋದು ಕಲಿಸಿದೆ. ಇವತ್ತು ಮಾಡಿದಳಲ್ಲ, ಅದನ್ನ ನಾನು ಕಲಿಸಿಲ್ಲ. ನನಗೇ ಬರ್ತಿರಲಿಲ್ಲ. ಆ ಕರೀದನ್ನ ಬದಲಾಯಿಸಿಬಿಡು ಅಂತ ಕಣ್ಣಲ್ಲೇ ಹೇಳಿದೆ, ನನ್ನ ಮಾತನ್ನೂ ಅವಳು ಕೇಳಲಿಲ್ಲ. ಕೇಳದೇ ಇದ್ದಿದ್ದಕ್ಕೆ ನನಗೆ ಎಷ್ಟು ಹೆಮ್ಮೆ ಆಗ್ತಿದೆ ಅಂದ್ರೆ, ಹೇಳೋಕೆ ಆಗ್ತಿಲ್ಲ."

"ಹಾಗಾದ್ರೆ ನೀವು ಸನ್ನೆ ಮಾಡಿದ್ರಿ" ಅಂದರು ಭೂತಗನ್ನಡಿಯವರು.

"ಮಾಡಿದೆ. ನೀವು ಬಾಯಿ ಮುಚ್ಚಿ ಅಂದ್ರಿ, ಕಣ್ಣು ಮುಚ್ಚಿ ಅನ್ನಲಿಲ್ಲ."

ಮೊದಲ ಸಲ ಅವರು ನಕ್ಕರು. ಹಾಲೆಲ್ಲ ನಕ್ಕಿತು. "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ" ಅಂದ ಎಂಟು ನಿಮಿಷ.

"ಹೌದಪ್ಪ, ಇವಳ ಕಾಲ ನೋಡೋಕೆ ನಾನಿದ್ದೀನಲ್ಲ, ಸಾಕು" ಅಂದೆ. ನನ್ನ ಕಣ್ಣಲ್ಲಿ ನೀರು ಬಂದಿತ್ತು. ಒರೆಸಿಕೊಳ್ಳೋಕೆ ಹೋಗಲಿಲ್ಲ, ನೋಡಿದರೆ ನೋಡಿಕೊಳ್ಳಲಿ.

ಹನ್ನೆರಡನೇ ಮೇಜು ಕಿಟಕಿಯ ಪಕ್ಕದ್ದು. ಸೊಸೆ ಸ್ಟೂಲನ್ನ ಎಳೆದು, ಕೈಯಿಂದ ಧೂಳು ಒರೆಸಿ, "ಅತ್ತೆ, ಮೊದಲು ನೀವು ಕೂತ್ಕೊಳ್ಳಿ" ಅಂದಳು.

"ನಾನ್ಯಾಕೆ ಕೂರಲಿ? ನೀನು ಗೆದ್ದಿದ್ದು ಕಣೇ, ನೀನೇ ಕೂತ್ಕೋ" ಅಂತ ಭುಜ ಹಿಡಿದು ಕೂರಿಸಿದೆ. ಅವಳು ದೀಪ ಹಚ್ಚಿ, ಅದರ ಕತ್ತನ್ನ ತನಗೆ ಬೇಕಾದ ಎತ್ತರಕ್ಕೆ ಬಗ್ಗಿಸಿಕೊಂಡಳು. ನಾನು ಬಾಗಿಲ ಹತ್ತಿರ ಸರಿದು ನಿಂತು ದೂರದಿಂದ ನೋಡಿದೆ.

ಅಷ್ಟರಲ್ಲಿ ಒಬ್ಬರು ಏದುಸಿರು ಬಿಡ್ತಾ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲೊಂದು ಸತ್ತ ಫೋನು. ಬಾಗಿಲ ಹತ್ತಿರ ಇದ್ದವಳು ನಾನೇ ಆದ್ದರಿಂದ ನನ್ನನ್ನೇ ಕೇಳಿದರು: "ಅಮ್ಮ, ಕೆಳಗೆ ನಾಲ್ಕು ಅಂಗಡಿಯವರು ನಾಲ್ಕು ಥರ ಹೇಳಿದ್ರು. ಇಲ್ಲಿ ನಂಬಿ ಕೊಡೋ ಅಂಥವರು ಯಾರಿದ್ದಾರೆ?"

ನಾನು ಕಿಟಕಿಯ ಕಡೆ ಕೈ ತೋರಿಸಿದೆ.

"ಅವಳ ಕೈಗೆ ಕೊಡಿ" ಅಂದೆ. "ಕೆಟ್ಟಿಲ್ಲ ಅಂದ್ರೆ ಕೆಟ್ಟಿಲ್ಲ ಅಂತಲೇ ಹೇಳ್ತಾಳೆ."